ಭೇಡಾಘಾಟೋ, ಗಂಡಿಕೋಟಾನೋ, ಮೇಘಾಲಯಾನೋ, ಯಾಣಾನೋ? ಸುಣ್ಣಕಲ್ಲಿನ ಕೊಳ್ಳ ನೋಡ್ಲಿಕ್ಕೆ ಹೊಂಟ ಪುಣೆ-ಮುಂಬೈ-ಗೋವಾ ಮಂದಿಗೆ

ಸಹ್ಯಾದ್ರಿ ಸುತ್ತಿ ಮುಗೀತು, ಸಂಧಾನ್ ವ್ಯಾಲಿ ಆತು, ನಿಘೋಜದ ರಾಂಜಣಖಳಗೆ ಆತು, ಇನ್ನ ಎರಡೂ ದಂಡಿಗೆ ಬೆಳ್ಳನ್ನ ಕಲ್ಲಿನ ಗ್ವಾಡಿ, ನಡಬರಕ ಹಸರ ನೀರು, ಅದರಾಗೊಂದು ಬೋಟು, ಅಂಥಾ ಕೊಳ್ಳ ನೋಡಬೇಕಂದ್ರ ಎಲ್ಲಿಗೆ ಹೋಗೋಣು? ದೀಪಾವಳಿ ರಜಾ ಹತ್ರ ಬಂತಂದ್ರ ಪುಣೆದಾಗ ನಮ್ಮ ಕನ್ನಡದ ಮಂದಿ ಇದನ್ನ ಕೇಳ್ತನ ಇರ್ತಾರ. ಅದರಾಗೂ ಐಟಿ ಒಳಗ ಇರೂ ಹುಡುಗ್ರು ಊರಿಂದ ಅವ್ವ ಅಪ್ಪನ್ನ ಕರಸಿಕೊಂಡಿರ್ತಾರ, ಅವರಿಗೂ ತೋರಸಬೇಕು, ತಮಗೂ ಬೋರ್ ಆಗಬಾರದು, ಮ್ಯಾಲ ನಾಕು ದಿನದ ಹೊರ್ತು ರಜಾ ಇಲ್ಲ. ಯುರೋಪಿನ ವರ್ದೋನ್ ಕೊಳ್ಳದ ಫೋಟೋ ಕಳಸಿ ಇದಕ್ಕ ಹೋಗೋಣೇನು ಅಂತ ಕೇಳೂವರೂ ಇದ್ದಾರ, ವೀಸಾ ರೊಕ್ಕ ರಜಾ ಮೂರೂ ಹೊಂದಿದ್ರ ಹೋಗ್ರಿ ಯಾರು ಬ್ಯಾಡ ಅಂತಾರ, ನಾ ಇಲ್ಲೆ ಹೇಳೂದು ರೈಲಿನ್ಯಾಗರ ಒಂದು ಫ್ಲೈಟಿನ್ಯಾಗರ ಮುಟ್ಟಬಹುದಾದ ನಮ್ಮ ದೇಶದ ಜಾಗಾದ ಮಾತು.

ಮೊದಲ ಒಂದು ಖರೆ ಹೇಳಿಬಿಡ್ತೀನಿ, ಪುಣೆ ಮುಂಬೈ ಸುತ್ತ ಎಷ್ಟ ಹುಡುಕಿದ್ರೂ ಅಂಥಾ ಕೊಳ್ಳ ಸಿಗೂದಿಲ್ಲ. ಇಲ್ಲಿ ಘಟ್ಟ ಎಲ್ಲಾ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದ ಹರದ ಲಾವಾ ಆರಿ ಗಟ್ಟಿ ಆಗಿದ್ದು. ಅದು ಒಡೀತದ, ಸೀಳ್ತದ, ಸವೀತದ, ಆದ್ರ ನೀರಿಗೆ ಹಂಗ ಕರಗೂದಿಲ್ಲ. ಸುಣ್ಣಕಲ್ಲು ಕರಗ್ತದ. ಮಳಿ ನೀರು ಗಾಳಿ ಒಳಗಿನ, ಮಣ್ಣೊಳಗಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿ ಆಗ್ತದಲ್ಲ, ಅಷ್ಟ ಸಾಕು ಅದಕ್ಕ. ನಂಬಿಕಿ ಬರಲಿಲ್ಲಂದ್ರ ನಿಮ್ಮ ಅಡಗಿ ಮನಿಯಾಗ ನೋಡ್ರಿ, ಹಳೇ ಫ್ಲ್ಯಾಟಿದ್ರ ಓಟ್ಟಾಕ್ಕ ಕರೀ ಕಡಪ್ಪಾ ಕಲ್ಲು ಹಾಕಿರ್ತಾರ, ಅದರ ಮ್ಯಾಲ ಹಿಂಡಿದ ಲಿಂಬಿ ಹೋಳು ಬೋರಲ ಇಟ್ಟು ಮರತ್ರ ಮರುದಿನ ಅಲ್ಲೊಂದು ದುಂಡನ್ನ ಬೂದಿ ಬಣ್ಣದ ಕಲಿ ಇರ್ತದ, ಏನ ಹಾಕಿ ತಿಕ್ಕಿದ್ರೂ ಹೊಳಪು ತಿರುಗಿ ಬರೂದಿಲ್ಲ. ಯಾಕಂದ್ರ ಆ ಕಡಪ್ಪಾ ಸುಣ್ಣಕಲ್ಲು, ಲಿಂಬಿ ಹುಳಿ ಅದನ್ನ ತಿಂದುಬಿಟ್ಟದ. ಚಾಳಿನ ಪಡಸಾಲಿಗೆ ಹಾಸಿರ್ತಾರಲ್ಲ ಶಹಾಬಾದಿ ಫರಶಿ, ಅದೂ ಸುಣ್ಣಕಲ್ಲ, ನಮ್ಮ ಕಲಬುರ್ಗಿ ಜಿಲ್ಲಾದ್ದು. ಅಂದ್ರ ನಾವು ದಿನಾ ಸುಣ್ಣಕಲ್ಲಿನ ಮ್ಯಾಲ ನಿಂತು ಸುಣ್ಣಕಲ್ಲಿನ ಮ್ಯಾಲ ಚಪಾತಿ ಲಟ್ಟಸ್ತೀವಿ, ಹೊಳಿ ಅದನ್ನ ಕೊರದಿದ್ದು ನೋಡಬೇಕಂದ್ರ ಮಾತ್ರ ಗಾಡಿ ಹತ್ತಬೇಕು.

ಇನ್ನ ಆರಸೂ ಮಾತು. ಬಹಳಷ್ಟು ಮಂದಿ ಫೋಟೋ ನೋಡಿ ಜಾಗಾ ಗೊತ್ತು ಮಾಡ್ತಾರ, ಆಮ್ಯಾಲ ಯಾರ ಯಾರು ಬರ್ತೀರಿ ಅಂತ ಕೇಳ್ತಾರ. ಅದು ಉಲ್ಟಾ ಆಗಬೇಕು. ಕೊಳ್ಳ ನೋಡೂದರಾಗ ನಾಕು ಥರ ಅದ: ನೀರಿನ್ಯಾಗ ಕೂತು ಮ್ಯಾಲ ನೋಡೂದು, ಮ್ಯಾಲ ದಂಡಿಗೆ ನಿಂತು ಕೆಳಗ ನೋಡೂದು, ಕಲ್ಲಿನ ಹೊಟ್ಟಿ ಒಳಗ ಹೊಕ್ಕು ನೋಡೂದು, ಇಲ್ಲಾ ಬೆವರು ಸುರಿಸಿಕೋತ ನಡದು ಹೋಗೂದು. ನಮ್ಮ ದೇಶದಾಗ ಈ ನಾಕೂ ಒಂದ ಜಾಗಾದಾಗ ಛಂದಾಗಿ ಸಿಗೂದು ಕಡಿಮಿ. ಹಿಂಗಾಗಿ ನಿಮ್ಮ ಜೋಡಿ ಬರೂವರ ಮೊಣಕಾಲು ಯಾವುದಕ್ಕ ಒಪ್ತದ ಅನ್ನೂದು ಮೊದಲ, ಜಾಗಾದ ಹೆಸರು ಆಮ್ಯಾಲ.

ಭೇಡಾಘಾಟ: ಕೂತಲ್ಲೇ ನೋಡೂವರಿಗೆ

ಯಾರರ ಒಂದ ಹೆಸರು ಹೇಳು ಅಂದ್ರ ನಾ ಇದನ್ನ ಹೇಳ್ತೀನಿ. ಜಬಲ್ಪುರದಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್, ನರ್ಮದಾ ಹೊಳಿ, ಎರಡೂ ಕಡೆ ಸುಮಾರು ನೂರು ಅಡಿ ಎತ್ತರದ ಅಮೃತಶಿಲೆ ಗ್ವಾಡಿ, ಅದು ಮೂರು ಕಿಲೋಮೀಟರಿನ ಹತ್ರ ಹಂಗ ನಡೀತದ. ಇದು ಅಮೃತಶಿಲೆ, ಸುಣ್ಣಕಲ್ಲು ಎಲ್ಲಿ ಆತು ಅಂತ ಕೇಳಬ್ಯಾಡ್ರಿ, ಸುಣ್ಣಕಲ್ಲ ಭೂಮಿ ಒಳಗ ಕಾಸಿಕೊಂಡು ಒತ್ತಡಕ್ಕ ಸಿಕ್ಕು ಹರಳುಗಟ್ಟಿದ್ರ ಅಮೃತಶಿಲೆ ಆಗ್ತದ. ಇಲ್ಲೀದು ಮ್ಯಾಗ್ನೀಸಿಯಂ ಇರೂ ಡೋಲೊಮೈಟ್ ಜಾತಿ, ಬರೇ ಸುಣ್ಣಕಲ್ಲಿನಷ್ಟು ಲಗೂ ಕರಗೂದಿಲ್ಲ, ಅದಕ್ಕ ಹೊಳಿ ಗರಗಸ ಹಾಕಿಧಂಗ ನೆಟ್ಟಗ ಕೊಯ್ಕೊಂಡು ಹೋದ್ರೂ ಗ್ವಾಡಿ ಬೀಳದ ನಿಂತಾವ.

ಪಂಚವಟಿ ಘಾಟಿನ್ಯಾಗ ಬೋಟು ಹತ್ತೂದು. ಹುಟ್ಟು ಹಾಕೂ ಬೋಟು, ಶೇರಿಂಗ್ ಒಳಗ ಕೂತ್ರ ರೊಕ್ಕ ಕಡಿಮಿ, ಪೂರ್ತಿ ಬೋಟು ತೊಗೊಂಡ್ರ ಜಾಸ್ತಿ, ಆದ್ರ ಹಿರ್ಯಾರು ಇದ್ರ ಪೂರ್ತಿ ಬೋಟ ತೊಗೊಳ್ರಿ, ಹತ್ತೂವಾಗ ಇಳಿಯೂವಾಗ ಗಡಬಡಿ ಇರೂದಿಲ್ಲ. ಅಂಬಿಗ ಹುಟ್ಟು ಹಾಕ್ಕೋತ ಹಿಂದಿ ಒಳಗ ಪ್ರಾಸ ಕಟ್ಟಿ ಕಟ್ಟಿ ಹೇಳ್ತಾನ, ಈ ಕಲ್ಲು ಹಂಗ ಕಾಣಸ್ತದ, ಆ ಕಲ್ಲು ಹಿಂಗ ಕಾಣಸ್ತದ, ಯಾವ ಹೀರೋಯಿನ್ನು ಯಾವ ಬಂಡಿ ಮ್ಯಾಲ ಕುಣದ್ಲು, ಅರ್ಧ ಖರೆ ಅರ್ಧ ಸುಳ್ಳು, ಆದ್ರ ಹೇಳೂ ಧಾಟಿ ಮಾತ್ರ ಕೇಳೂಹಂಗ ಇರ್ತದ. ನೀವು ಅವನ ಮಾತು ಕೇಳಿಕೋತ ಗ್ವಾಡಿ ಬುಡಕ್ಕ ನೋಡ್ರಿ. ಮಳಿಗಾಲದ ನೀರು ತಿಕ್ಕಿದ್ದ ಭಾಗ ಬೆಳ್ಳಗ ನುಣ್ಣಗ ಇರ್ತದ, ಅದರ ಮ್ಯಾಲಿನ ಭಾಗ ಬೂದಿ ಬಣ್ಣ, ನಡುವ ಎಲ್ಲೋ ಗುಲಾಬಿ ಪಟ್ಟಿ, ಎಲ್ಲೋ ನೀಲಿ ಛಾಯಾ, ಒಂದ ಕಲ್ಲಿನ್ಯಾಗ. ಬೋಟು ತಿರುವಿಕೊಂಡಂಗ ಬಣ್ಣಾನೂ ತಿರುವಿಕೊಳ್ತದ, ಬಿಸಲು ಬಿದ್ದ ಕಡೆ ಕಣ್ಣು ಕುಕ್ಕತಾವ, ನೆಳ್ಳಿನ ಕಡೆ ಅದ ಕಲ್ಲು ಮಂಕಾಗಿರ್ತದ. ಬಂದರ್ ಕೂದನಿ ಅನ್ನೂ ಜಾಗಾದಾಗ ಎರಡೂ ದಂಡಿ ಭಾಳ ಹತ್ರ ಬರ್ತಾವ, ಹಿಂದಿನ ಕಾಲದಾಗ ಮಂಗ್ಯಾ ಈ ದಂಡಿಯಿಂದ ಆ ದಂಡಿಗೆ ಹಾರತಿದ್ವಂತ, ಈಗ ಹಾರ್ಲಿಕ್ಕೆ ಆಗೂವಷ್ಟು ಹತ್ರ ಇಲ್ಲ, ಹೊಳಿ ಸುಮ್ಮ ಕೂತಿಲ್ಲ ನೋಡ್ರಿ.

ಬೋಟು ಧುವಾಂಧಾರ್ ಫಾಲ್ಸ್ ತನಕ ಹೋಗೂದಿಲ್ಲ, ಅದನ್ನ ಬ್ಯಾರೆ ಕಡೆಯಿಂದ ನಡದು ಹೋಗಿ ನೋಡಬೇಕು. ಫಾಲ್ಸಿಗೆ ಹೋಗೂ ಓಣಿ ತುಂಬ ಮೆತ್ತನ್ನ ಕಲ್ಲಿನ್ಯಾಗ ಮೂರ್ತಿ ಕೆತ್ತೂ ಅಂಗಡಿ, ನಿಮ್ಮ ಮುಂದನ ಹೆಸರು ಕೆತ್ತಿ ಕೊಡ್ತಾರ. ರೋಪ್‌ವೇ ಅದ, ಹಿರ್ಯಾರನ್ನ ಅದರಾಗ ಕೂಡಸಿದ್ರ ಕೊಳ್ಳದ ಮ್ಯಾಲಿಂದ ಆ ಕಡೆ ದಂಡಿಗೆ ಹೋಗಿ ಬರ್ತಾರ, ಅಂದ್ರ ನೀರಿನ್ಯಾಗಿಂದ ನೋಡೂದು ಮ್ಯಾಲಿಂದ ನೋಡೂದು ಎರಡೂ ಆತು, ಮೊಣಕಾಲಿಗೆ ತ್ರಾಸಿಲ್ಲ. ಇದಕ್ಕ ನಾ ಭೇಡಾಘಾಟಕ್ಕ ಮೊದಲ ನಂಬರ್ ಕೊಡೂದು.

ಹತ್ರದಾಗ ಗುಡ್ಡದ ಮ್ಯಾಲ ಚೌಸಠ ಯೋಗಿನಿ ಗುಡಿ ಅದ, ನೂರು ಚಿಲ್ಲರ ಮೆಟ್ಲು, ಹತ್ತನೇ ಶತಮಾನದ ಹೊತ್ತಿಗೆ ಕಲಚೂರಿ ಅರಸರು ಕಟ್ಟಿಸಿದ್ದು, ದುಂಡಗ ಸುತ್ತಲೂ ಯೋಗಿನಿಯರು, ನಡಬರಕ ಗೌರೀಶಂಕರ. ಈ ತ್ರಿಪುರಿ ಕಲಚೂರಿಗಳಿಗೂ ನಮ್ಮ ಕಡೆಗೂ ಹಳೇ ಬೀಗತನ, ಮಳಖೇಡದ ರಾಷ್ಟ್ರಕೂಟ ಇಮ್ಮಡಿ ಕೃಷ್ಣ ಇಲ್ಲಿಯ ಅರಸ ಕೋಕಲ್ಲನ ಮಗಳನ್ನ ಲಗ್ನ ಆಗಿದ್ದ. ಕಲ್ಯಾಣದ ಬಿಜ್ಜಳನ ಮನೆತನದವರೂ ಕಲಚೂರಿ ಅಂತನ ಹೇಳಿಕೊಂಡವರು. ಬೀಗರ ಊರಿಗೆ ಹೊಂಟೀವಿ ಅಂತ ಅಪ್ಪಗ ಹೇಳ್ರಿ, ಮೆಟ್ಲು ಹತ್ತಲಿಕ್ಕೆ ಸ್ವಲ್ಪ ಹುರುಪು ಬರ್ತದ. ಸಣ್ಣ ಹುಡುಗ್ರು ಇದ್ರ ಡೈನೊಸಾರ್ ಕಥಿ ಹೇಳ್ರಿ, 1828ರಾಗ ಸ್ಲೀಮನ್ ಅನ್ನೂ ಬ್ರಿಟಿಷ್ ಅಧಿಕಾರಿಗೆ ಎಲುಬು ಸಿಕ್ಕಿದ್ದು ಇದ ಜಬಲ್ಪುರದ ಹತ್ರ, ಭಾರತದಾಗ ಸಿಕ್ಕ ಮೊದಲನೇ ಡೈನೊಸಾರ್ ಎಲುಬು ಅವು. ಭೇಡಾಘಾಟ ಮತ್ತ ಲಮೇಟಾಘಾಟ ಎರಡನ್ನೂ ಸೇರಿಸಿ 2021ರಾಗ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ಸಂಭಾವ್ಯ ಪಟ್ಟಿಗೆ ಹಾಕ್ಯಾರ.

ಕೊರತಿ ಏನಂದ್ರ ಇದು ಜಾತ್ರಿ ಜಾಗಾ. ಗದ್ದಲ, ಭಜಿ ವಾಸನಿ, ಸೆಲ್ಫಿ. ಶಾಂತ ಕೊಳ್ಳ, ಹಕ್ಕಿ ದನಿ ಅಂತ ಕನಸು ಕಂಡು ಹೋದ್ರ ಸಿಟ್ಟು ಬರ್ತದ. ಟ್ರೆಕ್ಕಿಂಗ್ ಹುಚ್ಚಿನವರಿಗೆ ಅರ್ಧ ದಿನಕ್ಕ ಮುಗದು ಹೋಗ್ತದ, ಅವರು ಇದಕ್ಕ ಕಾನ್ಹಾ ಹುಲಿ ಕಾಡು ಜೋಡಿಸಿಕೊಂಡ್ರ ಛಲೋ. ಮತ್ತ ಮಳಿಗಾಲದಾಗ ಬೋಟಿಂಗ್ ಬಂದ್, ಬರಗಿ ಡ್ಯಾಮಿನ ಗೇಟು ತಗದ್ರಂದ್ರ ಕೊಳ್ಳ ತುಂಬಿ ಧುವಾಂಧಾರ್ ಫಾಲ್ಸ ಕಾಣಸೂದಿಲ್ಲ, ಬರೇ ಕೆಂಪು ನೀರು ಹರೀತಿರ್ತದ. ಅಕ್ಟೋಬರಿಂದ ಮಾರ್ಚ್ ಛಲೋ ಸೀಜನ್. ಶೀಗಿ ಹುಣ್ಣಿಮಿ ಆಜುಬಾಜು ಬೆಳದಿಂಗಳಾಗ ಬೋಟು ಬಿಡ್ತಾರ, ಅದೊಂದು ಸಿಕ್ರ ಮತ್ತೇನೂ ಬ್ಯಾಡ, ಆದ್ರ ಆ ರಾತ್ರಿ ಇಡೀ ಜಬಲ್ಪುರ ಅಲ್ಲೇ ಇರ್ತದ, ಹಿಂಗಾಗಿ ಹುಣ್ಣಿಮಿ ಮರುದಿನ ಅಥವಾ ಹಿಂದಿನ ದಿನ ಕೇಳಿ ನೋಡ್ರಿ. ಊಟದ ಚಿಂತಿ ಇಲ್ಲ, ಜಬಲ್ಪುರದ ಖೋವಾ ಜಿಲೇಬಿ ತಿನ್ನದ ಬರಬ್ಯಾಡ್ರಿ, ಕರ್ರಗಿರ್ತದ, ನೋಡಿ ಮುಖ ಸಿಂಡರಿಸಬ್ಯಾಡ್ರಿ.

ಗಂಡಿಕೋಟಾ ಮತ್ತ ಬೇಲಂ: ಎರಡು ಜಾಗಾ, ಒಂದ ಟ್ರಿಪ್ಪು

ಗಂಡಿಕೋಟಾದ ಫೋಟೋ ಎಲ್ಲಾರೂ ನೋಡೀರಿ. ಪೆನ್ನಾರ್ ಹೊಳಿ ಎರ್ರಮಲ ಗುಡ್ಡ ಸೀಳಿಕೊಂಡು ಹೋಗೂದು, ಮ್ಯಾಲ ಕೆಂಪು ಬಂಡಿ, ಕೆಳಗ ಸುಮಾರು ಮುನ್ನೂರು ಅಡಿ ಆಳದಾಗ ನೀರು. ಈ ಹೊಳಿ ಹುಟ್ಟೂದು ನಮ್ಮ ನಂದಿಬೆಟ್ಟದ ಕಡೆ, ಉತ್ತರ ಪಿನಾಕಿನಿ ಅಂತೀವಲ್ಲ ಅದ. ಆದ್ರ ಒಂದು ಮಾತು ತಿಳಕೊಳ್ರಿ, ಗಂಡಿಕೋಟಾ ಸುಣ್ಣಕಲ್ಲಲ್ಲ, ಅದು ಕ್ವಾರ್ಟ್ಜೈಟ್, ಗಟ್ಟಿ ಕೆಂಪು ಕಲ್ಲು. ಸವದತ್ತಿ ಹತ್ರ ನವಿಲುತೀರ್ಥದಾಗ ಮಲಪ್ರಭಾ ಗುಡ್ಡ ಸೀಳ್ಯಾಳಲ್ಲ, ಅದರ ಬಳಗ ಇದು. ಕರಗೂದಿಲ್ಲ, ಒಡೀತದ, ಅದಕ್ಕ ಮ್ಯಾಲೆಲ್ಲಾ ಚೌಕ ಚೌಕ ಬಂಡಿ ಬಿದ್ದಾವ, ದಂಡಿ ತನಕ ಅದರ ಮ್ಯಾಲ ಹತ್ತಿ ಇಳದು ಹೋಗಬೇಕು, ಕಟಾಂಜನ ಏನೂ ಇಲ್ಲ. ಸಣ್ಣ ಹುಡುಗ್ರ ಕೈ ಬಿಡಬ್ಯಾಡ್ರಿ, ಬಿಪಿ ಇದ್ದವ್ರನ್ನ ದಂಡಿಗೆ ಕರಕೊಂಡು ಹೋಗಬ್ಯಾಡ್ರಿ. ಹಿರ್ಯಾರು ಕೋಟಿ ಒಳಗ ಮಾಧವರಾಯನ ಗುಡಿ, ಜಾಮಿಯಾ ಮಸೀದಿ, ಧಾನ್ಯದ ಕೋಠಿ ನೋಡಿಕೋತ ಕೂಡಲಿ, ಅವೂ ಕಡಿಮಿ ಇಲ್ಲ, ಗುಡಿ ಗೋಪುರ ಅಂತೂ ಭಾಳ ಛಲೋ ಅದ.

ಸುಣ್ಣಕಲ್ಲು ಬೇಕಂದ್ರ ಗಂಡಿಕೋಟಾದಿಂದ ಗಾಡಿ ಮಾಡಿಕೊಂಡು ಬೇಲಂ ಗವಿಗೆ ಹೋಗ್ರಿ, ಖರೆ ಮಜಾ ಅಲ್ಲೇ ಅದ. ಹೊಲದ ನಡುವ ಒಂದು ತೂತು, ಇಳದ್ರ 3,229 ಮೀಟರ್ ಉದ್ದದ ಗವಿ, ಅದರಾಗ ಸುಮಾರು ಒಂದೂವರೆ ಕಿಲೋಮೀಟರ್ ಜನಕ್ಕ ತೆರದಾರ. ನೆಲದ ಕೆಳಗ ಹರದ ನೀರ ಇದನ್ನ ಕೊರದದ, ಹಿಂಗಾಗಿ ಗ್ವಾಡಿ ನುಣ್ಣಗ, ಹೊಳಿ ತಿರುವಿದಂಗ ತಿರುವತಾವ, ಮ್ಯಾಲ ಮಾತ್ರ ಆಕಾಶ ಇಲ್ಲ. ಪಾತಾಳಗಂಗಾ ಅನ್ನೂ ಕಟ್ಟಕಡೀ ಜಾಗಾ ಸುಮಾರು 150 ಅಡಿ ಕೆಳಗ ಅದ. 1884ರಾಗ ರಾಬರ್ಟ್ ಬ್ರೂಸ್ ಫೂಟ್ ಇದರ ಬಗ್ಗೆ ಬರದಿಟ್ಟಿದ್ದ, ನಮ್ಮ ಬಳ್ಳಾರಿ ಕಡೆ ಹಳೇ ಶಿಲಾಯುಗದ ಜಾಗಾ ಹುಡುಕಿದಾತನೂ ಅವನ. ಆಮ್ಯಾಲ 1982-83ರಾಗ ಜರ್ಮನ್ ಮಂದಿ ಬಂದು ಅಳತಿ ಮಾಡಿದ್ರು, 2002ರಾಗ ಜನಕ್ಕ ತೆರದ್ರು. ಒಳಗ ಭಾಳ ಶೆಕಿ, ಗಾಳಿ ಬಿಡ್ಲಿಕ್ಕೆ ಪೈಪ್ ಹಾಕ್ಯಾರ, ಆದ್ರೂ ಅಂಗಿ ತೋಯ್ದು ಮೈಗೆ ಹತ್ತತದ. ದಮ್ಮು ಇದ್ದವ್ರು, ಇಕ್ಕಟ್ಟಿಗೆ ಹೆದರೂವರು ಹೊರಗ ಗಿಡದ ಕೆಳಗ ಕೂಡೂದು ಛಲೋ.

ಪುಣೆದವರಿಗೆ ಈ ಟ್ರಿಪ್ಪಿನ ಮಜಾ ರೈಲು. ಚೆನ್ನೈ ಲೈನು, ಸೊಲ್ಲಾಪುರ, ಕಲಬುರ್ಗಿ, ಶಹಾಬಾದ, ವಾಡಿ, ರಾಯಚೂರು, ಗುಂತಕಲ್, ಅಲ್ಲಿಂದ ತಾಡಪತ್ರಿ, ಯರ್ರಗುಂಟ್ಲ, ಕಡಪಾ. ನಿಮ್ಮ ಫರಶಿ ಕಲ್ಲು ಹೊರಟ ಊರಿಂದ ಶುರು ಆಗಿ ನಿಮ್ಮ ಓಟ್ಟಾದ ಕಲ್ಲು ಹೊರಟ ಜಿಲ್ಲಾಕ್ಕ ಮುಗೀತದ. ಹೆಂಗಿದ್ರೂ ರೊಟ್ಟಿ ಬುತ್ತಿ ಕಟ್ಟಿಕೊಂಡ ಹೋಗೂ ಲೈನು ಇದು. ಗಂಡಿಕೋಟಾದಾಗ ಉಳಿಯೂದಾದ್ರ ಆಂಧ್ರ ಟೂರಿಸಂದವರ ಹರಿತಾ ಹೋಟೆಲ್ ಅದ, ಮುಂಜಾನೆ ಸೂರ್ಯ ಹುಟ್ಟೂದು ನೋಡಬೇಕಂದ್ರ ಅಲ್ಲೇ ಉಳೀರಿ, ಜಮ್ಮಲಮಡುಗು ಊರಾಗ ಉಳದು ಬೆಳಗಿನ ಜಾವ ಗಾಡಿ ಹುಡುಕೂದು ತಲಿನೋವು. ನವೆಂಬರಿಂದ ಫೆಬ್ರುವರಿ ಬಿಟ್ಟು ಹೋಗಬ್ಯಾಡ್ರಿ. ಎಪ್ರಿಲ್ ಮೇ ಒಳಗ ರಾಯಲಸೀಮಾದ ಬಿಸಲು ನಮ್ಮ ರಾಯಚೂರು ಮಂದಿಗೂ ಸಾಕು ಸಾಕು ಅನಸ್ತದ.

ಮೇಘಾಲಯ: ಹುರುಪು, ರಜಾ, ರೊಕ್ಕ ಮೂರೂ ಇದ್ರ

ಸುಣ್ಣಕಲ್ಲಿನ ಹುಚ್ಚು ಹತ್ತಿದವರಿಗೆ ಕಡೀಕ ಹೋಗೂ ಜಾಗಾ ಇದ. ಮೇಘಾಲಯದ ದಕ್ಷಿಣದ ಅಂಚು, ಬಾಂಗ್ಲಾದೇಶದ ಬಯಲಿಗೆ ಮುಖ ಮಾಡಿದ ಕಡೆ, ಉದ್ದಕ್ಕ ಸುಣ್ಣಕಲ್ಲಿನ ಪಟ್ಟಿ. ಅದರ ಮ್ಯಾಲ ಮಳಿ ಎಂಥಾದ್ದು? ಮಾಸಿನ್‌ರಾಮದಾಗ ವರ್ಷಕ್ಕ ಸರಾಸರಿ 11,872 ಮಿಲಿಮೀಟರ್, ನಮ್ಮ ಪುಣೆ ಶಹರದಾಗ 700 ಆಜುಬಾಜು. ಕರಗೂ ಕಲ್ಲು, ಸುರಿಯೂ ಮಳಿ, ಎರಡೂ ಒಂದ ಕಡೆ ಕೂಡಿದ್ರ ಏನಾಗ್ತದ ಅದೆಲ್ಲಾ ಅಲ್ಲೆ ಆಗೇದ. ಜೈಂತಿಯಾ ಗುಡ್ಡದಾಗ ಕ್ರೆಮ್ ಲಿಯಾತ್ ಪ್ರಾಹ್ ಅನ್ನೂ ಗವಿ 30 ಕಿಲೋಮೀಟರಿಗಿಂತಾ ಉದ್ದ ಅದ, ಅದು ನಮ್ಮಂಥಾವರಿಗಲ್ಲ, ಹಗ್ಗ ಹೆಡ್‌ಲ್ಯಾಂಪ್ ತರಬೇತಿ ಇದ್ದವರಿಗೆ. ನಮ್ಮಂಥಾವರಿಗೆ ಸೋಹ್ರಾ, ಅಂದ್ರ ಚಿರಾಪುಂಜಿ, ಹತ್ರ ಮಾಸ್ಮಾಯ್ ಗವಿ ಅದ, ಲೈಟ್ ಹಾಕ್ಯಾರ, ಸಣ್ಣದು, ಒಂದೆರಡು ಕಡೆ ಬಗ್ಗಿ ಹೋಗಬೇಕು ಅಷ್ಟ. ಆರ್ವಾ ಗವಿ ಒಳಗ ಗ್ವಾಡಿಗೆ ಹತ್ತಿದ ಪಳೆಯುಳಿಕೆ ಕಾಣಸ್ತಾವ, ಸಮುದ್ರದ ಜೀವಿ ಅವು, ಈ ಎತ್ತರದ ಗುಡ್ಡ ಒಂದು ಕಾಲಕ್ಕ ಸಮುದ್ರದ ತಳ ಆಗಿತ್ತು ಅನ್ನೂದು ಬೆರಳಿಟ್ಟು ತೋರಸಬಹುದು.

ಡಾವ್ಕಿಯ ಉಮ್ನಗೋಟ್ ಹೊಳಿ ಫೋಟೋ ಕಂಡು ಎಲ್ಲಾರೂ ಓಡ್ತಾರ, ಬೋಟು ಗಾಳಿಯಾಗ ತೇಲಿಧಂಗ ಕಾಣಸ್ತದಲ್ಲ ಅದು. ಅಲ್ಲಿ ದಂಡಿ ಕಲ್ಲು ಪೂರ್ತಿ ಸುಣ್ಣಕಲ್ಲು ಅಂತ ತಿಳೀಬ್ಯಾಡ್ರಿ, ಆದ್ರ ನೀರಿನ ತಿಳಿ ಮಾತ್ರ ಖರೆ, ಎಡಿಟ್ ಮಾಡಿದ್ದಲ್ಲ. ಒಂದ ಶರತ್ತು, ಚಳಿಗಾಲ. ಮಳಿಗಾಲದಾಗ ಹೋದ್ರ ಅದ ಹೊಳಿ ನಮ್ಮ ಕೃಷ್ಣಾ ತುಂಬಿ ಬಂದಾಗಿನ ಬಣ್ಣಕ್ಕ ಇರ್ತದ. ಇಲ್ಲೇ ಮೇಘಾಲಯದ ತೊಡಕು ಇರೂದು: ತಿಳಿ ನೀರು ಬೇಕಂದ್ರ ನವೆಂಬರಿಂದ ಫೆಬ್ರುವರಿ, ಫಾಲ್ಸ್ ಧುಮ್ಮಿಕ್ಕೂದು ಬೇಕಂದ್ರ ಜೂನಿಂದ ಸಪ್ಟೆಂಬರ್. ನೊಹ್‌ಕಾಲಿಕಾಯ್ ಫಾಲ್ಸ್ 340 ಮೀಟರ್ ಎತ್ತರದ್ದು, ಜನವರಿದಾಗ ನೋಡಿದ್ರ ಒಂದು ದಾರದ ಎಳಿ. ಎರಡೂ ಸ್ವಲ್ಪ ಸ್ವಲ್ಪ ಬೇಕಂದ್ರ ಅಕ್ಟೋಬರ್ ಕಡೀ ವಾರ, ದೀಪಾವಳಿ ರಜಾ ಆ ಹೊತ್ತಿಗೆ ಬಂದ್ರ ಬರೋಬ್ಬರಿ ಹೊಂದತದ.

ನಡಿಯೂವರಿಗೆ ನೊಂಗ್ರಿಯಾತಿನ ಬೇರಿನ ಸೇತುವಿ, ಅಂದ್ರ ಜೀವಂತ ಗಿಡದ ಬೇರು ಹೆಣದು ಬೆಳಸಿದ್ದು, ಟಿರ್ನಾ ಹಳ್ಳಿಯಿಂದ ಮೂರು ಸಾವಿರದ ಮ್ಯಾಲ ಮೆಟ್ಲು ಇಳೀಬೇಕು, ಇಳದಷ್ಟ ಹತ್ತಬೇಕು. ಸಿಂಹಗಡ ವಾರ ವಾರ ಹತ್ತೂ ಹುಡುಗ್ರಿಗೂ ಮರುದಿನ ಪಿಂಡ್ರಿ ಹಿಡಕೊಳ್ತಾವ. ಶಿಲ್ಲಾಂಗ್ ಹತ್ರ ಲೈಟ್ಲುಮ್ ಅದ, ಅಲ್ಲೆ ಏನೂ ಹತ್ತದ ಇಳೀದ ದಂಡಿಗೆ ನಿಂತು ಕೊಳ್ಳ ನೋಡಬಹುದು, ಮಂಜು ಸರದ್ರ.

ತ್ರಾಸ ಅಂದ್ರ ದೂರ. ಮುಂಬೈ ಪುಣೆಯಿಂದ ಗುವಾಹಾಟಿಗೆ ಫ್ಲೈಟು, ಅಲ್ಲಿಂದ ಶಿಲ್ಲಾಂಗ್ ನೂರು ಕಿಲೋಮೀಟರ್, ಸೋಹ್ರಾ ಮತ್ತ ಐವತ್ತು ಚಿಲ್ಲರ, ಡಾವ್ಕಿ ಇನ್ನೊಂದ ದಿಕ್ಕಿಗೆ ಎಂಬತ್ತರ ಹತ್ರ. ಗುಡ್ಡದ ರಸ್ತಾ, ಎಂಬತ್ತು ಕಿಲೋಮೀಟರ್ ಅಂದ್ರ ಎಕ್ಸ್‌ಪ್ರೆಸ್‌ವೇ ಲೆಕ್ಕ ಹಾಕಬ್ಯಾಡ್ರಿ. ಆರು ದಿನದ ಕಡಿಮಿ ಹೋದ್ರ ಗಾಡಿ ಒಳಗ ಕೂತು ಬರೂದ ಆಗ್ತದ. ರವಿವಾರ ಖಾಸಿ ಗುಡ್ಡದಾಗ ಮಂದಿ ಚರ್ಚಿಗೆ ಹೋಗ್ತಾರ, ಅಂಗಡಿ ಹೋಟೆಲ್ ಭಾಳಷ್ಟು ಬಂದ್ ಇರ್ತಾವ, ಹಂಗಾಗಿ ರವಿವಾರ ಊರು ಬಿಟ್ಟು ಊರಿಗೆ ಹೋಗೂ ದಿನ ಅಂತ ಇಟ್ಟುಕೊಳ್ರಿ. ಪರ್ಮಿಟ್ ಗಿರ್ಮಿಟ್ ಏನೂ ಬ್ಯಾಡ ಮೇಘಾಲಯಕ್ಕ. ಪಕ್ಕಾ ಶಾಕಾಹಾರಿ ಮನ್ಯಾವ್ರು ಅವಲಕ್ಕಿ, ಚಟ್ನಿಪುಡಿ ಒಂದು ಡಬ್ಬಿ ಜಾಸ್ತಿ ಇಟ್ಟುಕೊಳ್ರಿ, ಅನ್ನ ಬ್ಯಾಳಿ ಸಿಗ್ತದ ಆದ್ರ ಎಲ್ಲಾ ಕಡೆ ಅಲ್ಲ.

ಒಂದು ವಿಚಿತ್ರ ಸಂಗತಿ, ಆ ಗುಡ್ಡದ ಸುಣ್ಣಕಲ್ಲು 17 ಕಿಲೋಮೀಟರ್ ಉದ್ದದ ಕನ್ವೇಯರ್ ಬೆಲ್ಟ್ ಮ್ಯಾಲ ಕೂತು ಗಡಿ ದಾಟಿ ಬಾಂಗ್ಲಾದೇಶದ ಸಿಮೆಂಟ್ ಫ್ಯಾಕ್ಟರಿಗೆ ಹೋಗ್ತದ. ನಮಗ ಪಾಸ್‌ಪೋರ್ಟ್ ಬೇಕು, ಕಲ್ಲಿಗೆ ಬ್ಯಾಡ.

ಯಾಣ: ಗೋವಾದವರಿಗೆ ಒಂದ ದಿನದ್ದು

ವಾಸ್ಕೋ, ಮಡಗಾಂವ, ಫೋಂಡಾ ಕಡೆ ಇರೂ ನಮ್ಮ ಮಂದಿಗೆ ಮ್ಯಾಲಿನ ಯಾವುದೂ ಬ್ಯಾಡ, ಮೊದಲ ಯಾಣಕ್ಕ ಹೋಗಿ ಬರ್ರಿ. ಮಡಗಾಂವದಿಂದ ಕೊಂಕಣ ರೈಲ್ವೆ ಹಿಡಕೊಂಡು ಕುಮಟಾ, ಅಲ್ಲಿಂದ ಸುಮಾರು 25 ಕಿಲೋಮೀಟರ್. ಮುಂಬೈದವರಿಗೆ ಎಲ್‌ಟಿಟಿಯಿಂದ ಮತ್ಸ್ಯಗಂಧಾ ಅದ. ಇದು ಹೊಳಿ ಕೊರದ ಕೊಳ್ಳ ಅಲ್ಲ, ಕಾಡಿನ ನಡುವ ಎದ್ದ ನಿಂತ ಕರೀ ಸುಣ್ಣಕಲ್ಲಿನ ಎರಡು ಶಿಖರ, ಭೈರವೇಶ್ವರ 120 ಮೀಟರ್, ಮೋಹಿನಿ 90 ಮೀಟರ್. ಆದ್ರ ಭೈರವೇಶ್ವರನ ಹಿಂದ ಸೀಳಿನ ಒಳಗ ನಡದು ಹೋಗೂವಾಗ ಎರಡೂ ಕಡೆ ಕಲ್ಲು ಮ್ಯಾಲ ಮ್ಯಾಲ ಹೋಗಿ ಆಕಾಶ ಒಂದು ಪಟ್ಟಿ ಆಗ್ತದ ನೋಡ್ರಿ, ಕೊಳ್ಳದ ಆಸೆ ಅಲ್ಲೇ ಅರ್ಧ ತೀರತದ. ಕಲ್ಲಿನ ಅಂಚೆಲ್ಲಾ ಚೂಪು ಚೂಪು, ಮಳಿ ತಿಂದಿದ್ದು, ಮ್ಯಾಲ ಹೆಜ್ಜೇನಿನ ಹುಟ್ಟು ನೇತಾಡ್ತಿರ್ತಾವ, ಅಗರಬತ್ತಿ ಸಿಗರೇಟ್ ಹೊಗಿ ಮಾಡಬ್ಯಾಡ್ರಿ, ಚೀರಾಡಬ್ಯಾಡ್ರಿ. ಗವಿ ಒಳಗ ಲಿಂಗದ ಮ್ಯಾಲ ನೀರು ತಟಕ್ತನ ಇರ್ತದ, ಚಪ್ಪಲಿ ಹೊರಗ.

ಸೊಕ್ಕಿದ್ದವ ಯಾಣಕ್ಕ, ರೊಕ್ಕಿದ್ದವ ಗೋಕರ್ಣಕ್ಕ ಅಂತ ಹಳೇ ಮಂದಿ ಅಂತಿದ್ರು, ಅಷ್ಟು ದುರ್ಗಮ ಹಾದಿ ಇತ್ತು. ಈಗ ರಸ್ತಾ ಹತ್ರ ಬಂದದ, ಕಡೀಕ ಸ್ವಲ್ಪ ನಡಿಗಿ, ಮೆಟ್ಲು, ನಿಧಾನಕ್ಕ ಹತ್ತಿದ್ರ ಅರವತ್ತು ದಾಟಿದವರೂ ಹತ್ತತಾರ. ಹತ್ರದಾಗ ವಿಭೂತಿ ಫಾಲ್ಸ್ ಅದ, ಮಾಬಗಿ ಕಡೆ, ಅದನ್ನ ಬಿಡಬ್ಯಾಡ್ರಿ. ಮಳಿಗಾಲದಾಗ ಉಂಬಳ ಹತ್ತತಾವ, ಕಲ್ಲು ಜಾರತದ. ಶಿವರಾತ್ರಿ ಜಾತ್ರಿ ಹೊತ್ತಿಗೆ ಭಕ್ತಿ ಇದ್ದವರು ಹೋಗ್ರಿ, ಬರೇ ಕಲ್ಲು ನೋಡೂವರು ಅದರ ಹಿಂದ ಮುಂದ ಹೋಗ್ರಿ.

ಆಂಧ್ರದ ಅರಕು ಕಡೆ ಬೊರ್ರಾ ಗವಿನೂ ಸುಣ್ಣಕಲ್ಲ, ಗೋಸ್ತನಿ ಹೊಳಿ ಕೆಲಸ ಅದು, ವಿಶಾಖಪಟ್ಟಣದಿಂದ ಘಟ್ಟ ಹತ್ತೂ ರೈಲು ಭಾಳ ಛಂದ. ಆದ್ರ ಬರೇ ಅದಕ್ಕಂತ ಪುಣೆಯಿಂದ ಹೋಗೂದಕ್ಕಿಂತಾ ವೈಜಾಗ್ ಕಡೆ ಹೆಂಗೂ ಹೊಂಟಾಗ ಸೇರಿಸಿಕೊಳ್ರಿ.

ಹಂಗಾದ್ರ ಯಾರು ಎಲ್ಲಿಗೆ?

ಅವ್ವ ಅಪ್ಪ ಜೋಡಿ, ಮೊಣಕಾಲು ನೋವು, ನಾಕು ದಿನ: ಕಣ್ಣು ಮುಚ್ಚಿ ಭೇಡಾಘಾಟ. ನರ್ಮದಾ ಸ್ನಾನದ ಪುಣ್ಯ ಬ್ಯಾರೆ, ಅವರಿಗೆ ಅದ ಮುಖ್ಯ ಆಗಬಹುದು, ನೀವು ಕೊಳ್ಳ ನೋಡ್ರಿ ಅವರು ಹೊಳಿ ನೋಡ್ಲಿ. ಸಾಲಿ ಹುಡುಗ್ರು ಇದ್ರ ನಾ ಗಂಡಿಕೋಟಾಕ್ಕಿಂತಾ ಬೇಲಂ ಸಲುವಾಗಿ ಆ ಕಡೆ ಹೋಗ್ತೀನಿ, ಗವಿ ಒಳಗ ಹೊಕ್ಕಿದ್ದು ಅವರು ವರ್ಷಗಟ್ಲೆ ಹೇಳ್ತಾರ, ದಂಡಿಗೆ ನಿಂತು ನೋಡಿದ್ದು ಮರತುಬಿಡ್ತಾರ. ಹೊಸದಾಗಿ ಲಗ್ನ ಆದವರು, ದೋಸ್ತರ ಗ್ಯಾಂಗು, ರೊಕ್ಕದ ಲೆಕ್ಕ ಅಷ್ಟಾಗಿ ಇಲ್ಲ ಅಂದ್ರ ಮೇಘಾಲಯ. ಫೋಟೋ ಹುಚ್ಚಿನವರಿಗೆ ಮುಂಜಾನೆ ಗಂಡಿಕೋಟಾದ ಬೆಳಕು ಬ್ಯಾರೆ ಎಲ್ಲೂ ಇಲ್ಲ, ಸುಣ್ಣಕಲ್ಲು ಅಲ್ಲಂದ್ರೂ ನಡೀತದ, ಕ್ಯಾಮೆರಾಕ್ಕ ಜಿಯಾಲಜಿ ತಿಳಿಯೂದಿಲ್ಲ. ಸೋವಿ ಯಾವುದು ಅಂದ್ರ ಗೋವಾದವರಿಗೆ ಯಾಣ, ಪುಣೆ ಮುಂಬೈದವರಿಗೆ ಸ್ಲೀಪರಿನ್ಯಾಗ ಹೋದ್ರ ಗಂಡಿಕೋಟಾನೂ ಭೇಡಾಘಾಟೂ ಹೆಚ್ಚು ಕಡಿಮಿ ಒಂದ, ಗಂಡಿಕೋಟಾದಾಗ ಊರಿಂದ ಊರಿಗೆ ಟ್ಯಾಕ್ಸಿ ಖರ್ಚು ಸ್ವಲ್ಪ ಜಾಸ್ತಿ ಬರ್ತದ, ಯಾಕಂದ್ರ ಕೋಟಿಗೂ ಗವಿಗೂ ನಡುವ ಬಸ್ಸು ನಂಬಿ ಕೂಡ್ಲಿಕ್ಕಾಗೂದಿಲ್ಲ.

ಎಲ್ಲಾದಕ್ಕೂ ಒಂದು ಮಾತು, ಬೂಟಿನ ಅಟ್ಟಿ ನೋಡಿಕೊಳ್ರಿ. ತೋಯ್ದ ಸುಣ್ಣಕಲ್ಲು ಬಸಾಲ್ಟ್‌ಗಿಂತಾ ಜಾಸ್ತಿ ಜಾರತದ, ನೀರು ಅದನ್ನ ತಿಕ್ಕಿ ತಿಕ್ಕಿ ನುಣ್ಣಗ ಮಾಡಿರ್ತದ, ರಾಜಗಡ ಹತ್ತಿದ್ದ ಧೈರ್ಯ ಅಲ್ಲೆ ಕೆಲಸಕ್ಕ ಬರೂದಿಲ್ಲ.

ಟಿಕೀಟು. ರೈಲ್ವೆ ರಿಸರ್ವೇಶನ್ ಈಗ 60 ದಿನ ಮೊದಲ ತೆರೀತದ, ಮೊದಲಿನಂಗ 120 ಅಲ್ಲ. ಮುಂಬೈಯಿಂದ ಜಬಲ್ಪುರಕ್ಕ ಗರೀಬ ರಥ, ಮಹಾನಗರಿ, ಹಾವ್ಡಾ ಮೇಲ್ ಅವ, ಹದಿನೈದು ಹದಿನಾರು ತಾಸಿನ ಹಾದಿ, ಗರೀಬ ರಥ ಛಲೋ ಹೊತ್ತಿಗೆ ಮುಟ್ಟತದ. ಪುಣೆಯಿಂದ ದಾನಾಪುರ ಎಕ್ಸ್‌ಪ್ರೆಸ್ ಜಬಲ್ಪುರ ಮ್ಯಾಲಿಂದನ ಹೋಗ್ತದ, ಆದ್ರ ದೀಪಾವಳಿ ಛಠ್ ಹೊತ್ತಿಗೆ ಬಿಹಾರಕ್ಕ ಹೋಗೂ ಮಂದಿ ತುಂಬಿ ಬಾಗಲದಾಗ ನಿಂತಿರ್ತಾರ, ರಿಸರ್ವೇಶನ್ ಇದ್ರೂ ಸೀಟಿಗೆ ಮುಟ್ಟೂದು ಕಷ್ಟ. ಆ ಹದಿನೈದು ದಿನ ಬಿಟ್ಟು ಹೋಗ್ರಿ, ಇಲ್ಲಾಂದ್ರ ಪುಣೆಯಿಂದ ಮುಂಬೈಗೆ ಹೋಗಿ ಗರೀಬ ರಥಾನ ಹಿಡೀರಿ, ಹಿರ್ಯಾರಿದ್ರ ಲೋವರ್ ಬರ್ತ್ ಕೋಟಾ ಒಳಗ ಅವರ ಟಿಕೀಟು ಬ್ಯಾರೆ ತೆಗೀರಿ, ಎಲ್ಲಾರದೂ ಒಂದ ಪಿಎನ್ಆರ್ ಮ್ಯಾಲ ತೆಗದ್ರ ಆ ಕೋಟಾ ಸಿಗೂದು ಕಷ್ಟ.